ಗಾಳಿಯ ಅಂಗಿ

ಬಯಲುಸೀಮೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಈಜು ಕಲಿಸುವ ಕ್ರಮ ಬಹಳ ಹಳೆಯದು. ಬೇಸಗೆಯ ರಜದಲ್ಲಿ ಹುಡುಗನನ್ನು ತೋಟದ ಬಾವಿಯ ದಡಕ್ಕೆ ಕರೆದೊಯ್ದು, ಚೆನ್ನಾಗಿ ಒಣಗಿ ಹಗುರವಾದ ಸೋರೆಬುರುಡೆಯನ್ನು ಅವನ ಬೆನ್ನಿಗೆ ಹಗ್ಗದಿಂದ ಬಿಗಿದು, ಸೋದರಮಾವನೋ ದೊಡ್ಡಪ್ಪನೋ ಹಿಂದಿನಿಂದ ಒಂದು ನೂಕು ನೂಕಿದರೆ ಪಾಠದ ಮೊದಲ ಅಧ್ಯಾಯ ಮುಗಿದಂತೆ. ಹುಡುಗ ಎರಡು ಗುಟುಕು ನೀರು ಕುಡಿಯುತ್ತಾನೆ, ಕಿರಿಚುತ್ತಾನೆ, ಕೈಕಾಲು ಬಡಿಯುತ್ತಾನೆ, ಆದರೆ ಮುಳುಗುವುದಿಲ್ಲ. ಬುರುಡೆಯೊಳಗೆ ಸೆರೆಯಾದ ಗಾಳಿ ಅವನನ್ನು ಮುಳುಗಗೊಡುವುದಿಲ್ಲ. ಬುರುಡೆ ದೊರೆಯದ ಕಡೆ ಬೆಂಡಿನ ಕಟ್ಟು. ಊರಿಗೆ ರಸ್ತೆ ಬಂದಮೇಲೆ ಲಾರಿಯ ಚಕ್ರದ ಹಳೆಯ ಟ್ಯೂಬು. ಉಪಕರಣ ಬದಲಾದರೂ ತತ್ತ್ವ ಒಂದೇ. ಒಂದಿಷ್ಟು ಗಾಳಿಯನ್ನು ಮೈಗೆ ಕಟ್ಟಿಕೊಂಡವನನ್ನು ನೀರು ನುಂಗಲಾರದು.

ಈ ವಿದ್ಯೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಷರತ್ತೊಂದುಂಟು. ಬುರುಡೆ ಕಟ್ಟಿಕೊಂಡವನು ಎಚ್ಚರವಾಗಿರಬೇಕು. ಎಚ್ಚರವಿದ್ದರೆ ಅವನು ಕತ್ತನ್ನೆತ್ತುತ್ತಾನೆ, ಮೂಗನ್ನು ನೀರಿನಿಂದ ಮೇಲಿಡುತ್ತಾನೆ, ಮಿಕ್ಕ ಭಾರವನ್ನಷ್ಟೇ ಬುರುಡೆಗೆ ಒಪ್ಪಿಸುತ್ತಾನೆ. ಎಚ್ಚರ ತಪ್ಪಿದ ಗಳಿಗೆಯಲ್ಲಿ ಅದೇ ಬುರುಡೆ ಹಗೆಯಾಗುತ್ತದೆ. ಗಾಳಿ ಸದಾ ಮೇಲಕ್ಕೇ ಹೋಗಬಯಸುವುದರಿಂದ ಬೆನ್ನು ಮೇಲಾಗುತ್ತದೆ, ಮುಖ ಕೆಳಗಾಗುತ್ತದೆ. ದೇಹ ತೇಲುತ್ತದೆ, ಉಸಿರು ಮುಳುಗುತ್ತದೆ. ಬಾವಿಯ ದಡದಲ್ಲಿ ಮಾವ ನಿಂತಿರುವುದರಿಂದ ಈ ಮಾತು ಯಾರಿಗೂ ಹೊಳೆಯುವುದಿಲ್ಲ. ಹೊಳೆಯಬೇಕಾದರೆ ದಡ ಕಾಣದಂಥ ನೀರು ಬೇಕು, ಆಕಾಶದಿಂದ ಆ ನೀರಿಗೆ ಬೀಳುವ ಮನುಷ್ಯರೂ ಬೇಕು.

1940ರ ಬೇಸಗೆಯಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಿರುಗಡಲಿನ ಮೇಲೆ ಅಂಥ ಸಂದರ್ಭ ದಿನದಿನವೂ ಒದಗಿತು. ಜರ್ಮನಿಯ ಬಾಂಬರು ವಿಮಾನಗಳನ್ನು ತಡೆಯಲು ಮೇಲೇರಿದ ಬ್ರಿಟಿಷ್ ವಿಮಾನಭಟರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ತರುಣರು. ವಿಮಾನಕ್ಕೆ ಬೆಂಕಿ ಹತ್ತಿದರೆ ಅವರು ಗಾಜಿನ ಮುಚ್ಚಳವನ್ನು ಸರಿಸಿ ಹೊರಕ್ಕೆ ಉರುಳಬೇಕು. ಪ್ಯಾರಾಚೂಟು ಬಿಚ್ಚಿಕೊಂಡರೆ ನಿಧಾನವಾಗಿ ಇಳಿಯಬೇಕು. ಕೆಳಗೆ ನೆಲವಿದ್ದರೆ ಪುಣ್ಯ, ಇಲ್ಲದಿದ್ದರೆ ಕಡಲು. ಆ ಎರಡನೆಯ ಪಕ್ಷಕ್ಕಾಗಿ ಅವರ ಎದೆಯ ಮೇಲೊಂದು ಹಳದಿ ಬಣ್ಣದ ತೋಳಿಲ್ಲದ ಅಂಗಿ ಇರುತ್ತಿತ್ತು. ಗಾಳಿ ತುಂಬಿ ಉಬ್ಬಿಸಬಹುದಾದ ಇಂಥ ಅಂಗಿಗೆ ಅಮೆರಿಕದ ಪೀಟರ್ ಮಾರ್ಕಸ್ ಎಂಬಾತ 1928ರಲ್ಲೇ ಹಕ್ಕುಪತ್ರ ಪಡೆದಿದ್ದ. ಉಬ್ಬಿದಾಗ ತೊಟ್ಟವನ ಎದೆ ತುಂಬಿಕೊಂಡು ಕಾಣುತ್ತಿದ್ದುದರಿಂದ ಸೈನಿಕರು ಅದಕ್ಕೆ ಆ ಕಾಲದ ಹಾಲಿವುಡ್ಡಿನ ತುಂಬುಮೈಯ ಚೆಲುವೆ ಮೇ ವೆಸ್ಟ್ ಎಂಬ ನಟಿಯ ಹೆಸರನ್ನೇ ಇಟ್ಟರು. ಸಾವಿನ ಬಾಗಿಲಲ್ಲಿ ನಿಂತ ಹುಡುಗರ ಹಾಸ್ಯ ಅದು. ಹಿರಿಯರು ಹುಬ್ಬು ಗಂಟಿಕ್ಕಲಿಲ್ಲ. ಹೆಸರು ನಿಘಂಟನ್ನೂ ಸೇರಿತು. ಸಿನಿಮಾ ನೋಡದವರೂ ಆ ನಟಿಯನ್ನು ಮೈಮೇಲೆ ಹೊತ್ತುಕೊಂಡೇ ಹಾರಿದರು.

ಆ ವರ್ಷದ ಅಂಗಿಗಳನ್ನು ಬಾಯಿಂದಲೇ ಊದಬೇಕಾಗಿತ್ತು. ಬೇಗೆಯ ದಿನಗಳಲ್ಲಿ ಬಲೂನು ಮಾರುವವನು ಸಂತೆಯಲ್ಲಿ ಊದುವಂತೆ ಊದುವುದೆಂದರೆ ಆಗಬಹುದು. ಸುಟ್ಟ ಕೈಗಳಿಂದ, ತಣ್ಣನೆಯ ಅಲೆಗಳ ನಡುವೆ ರಬ್ಬರಿನ ನಳಿಗೆಯನ್ನು ಹುಡುಕಿ ಬಾಯಿಗಿಟ್ಟುಕೊಳ್ಳುವ ಕಷ್ಟ ಬೇರೆ. 1940ರ ಆಗಸ್ಟ್ 12ರಂದು ಜೆಫ್ರಿ ಪೇಜ್ ಎಂಬ ಇಪ್ಪತ್ತು ವರ್ಷದ ಭಟನ ಹರಿಕೇನ್ ವಿಮಾನದ ಪೆಟ್ರೋಲು ತೊಟ್ಟಿಗೆ ಗುಂಡು ತಾಗಿ ಬೆಂಕಿ ಎದ್ದಿತು. ಮುಖವೂ ಕೈಗಳೂ ಬೆಂದುಹೋಗಿದ್ದ ಆತ ಹೇಗೋ ಹೊರಬಿದ್ದು ಕಡಲಿಗೆ ಇಳಿದ. ಚರ್ಮ ಸುಲಿದ ಬೆರಳುಗಳಿಂದ ಪ್ಯಾರಾಚೂಟಿನ ಕೊಂಡಿಯನ್ನು ಬಿಡಿಸಿಕೊಳ್ಳುವುದೇ ಒಂದು ಯುದ್ಧವಾಯಿತು. ಅದನ್ನು ಗೆದ್ದು ಅಂಗಿಯ ನಳಿಗೆಗೆ ಬಾಯಿಟ್ಟು ಊದಿದರೆ ಗಾಳಿ ನಿಲ್ಲದು. ಗುಳುಗುಳು ಎಂದು ಗುಳ್ಳೆಗಳಾಗಿ ಹೊರಬೀಳುತ್ತಿದೆ. ಅವನನ್ನು ಸುಟ್ಟ ಬೆಂಕಿ ಅಂಗಿಯನ್ನೂ ತೂತುಮಾಡಿತ್ತು. ಆತ ಈಜಿ ಈಜಿ ಸೋಲುವ ಹೊತ್ತಿಗೆ ಹಡಗಿನವರು ಕಂಡು ಎತ್ತಿಕೊಂಡರು. ಮುಂದೆ ಹಲವು ಶಸ್ತ್ರಚಿಕಿತ್ಸೆಗಳಾದ ಮೇಲೆ ಆತ ಮತ್ತೆ ವಿಮಾನ ಹತ್ತಿದ್ದು ಬೇರೊಂದು ಕತೆ.

ಇನ್ನೊಬ್ಬನ ಕತೆ ಇದಕ್ಕಿಂತ ವಿಚಿತ್ರ. ಅದೇ ವರ್ಷದ ಸೆಪ್ಟೆಂಬರ್ 3ರಂದು ರಿಚರ್ಡ್ ಹಿಲರಿ ಎಂಬ ಆಕ್ಸ್‌ಫರ್ಡಿನ ವಿದ್ಯಾರ್ಥಿ ಇದೇ ರೀತಿ ಬೆಂದು ಕಡಲಿಗೆ ಬಿದ್ದ. ಅವನ ಅಂಗಿ ಸರಿಯಾಗಿಯೇ ಇತ್ತು, ಅವನನ್ನು ತೇಲಿಸುತ್ತಿತ್ತು. ಸುತ್ತ ಯಾವ ದೋಣಿಯೂ ಇಲ್ಲ. ಚಳಿಯಲ್ಲಿ ಹೊತ್ತು ಕಳೆಯುತ್ತ ಹೋದಂತೆ ಕಣ್ಣು ಮಂಜಾಯಿತು. ಕುರುಡನಾದೆನೆಂದೇ ಅವನು ತಿಳಿದ. ಸಾಯುವುದು ಖಂಡಿತವಾದ ಮೇಲೆ ಕಾಯುವುದೇಕೆ ಎಂದು ಅಂಗಿಯ ಬಿರಡೆಯನ್ನು ತಾನೇ ತಿರುಗಿಸಿ ಗಾಳಿ ಬಿಟ್ಟುಬಿಟ್ಟ. ತಲೆ ನೀರಿನೊಳಕ್ಕೆ ಇಳಿಯಿತು. ಆದರೆ ಪೂರ್ತಿ ಮುಳುಗಲಿಲ್ಲ. ಬಿಚ್ಚಿಕೊಳ್ಳಲಾಗದೆ ಮೈಗೇ ಸುತ್ತಿಕೊಂಡಿದ್ದ ಪ್ಯಾರಾಚೂಟು ಅವನನ್ನು ಹಿಡಿದು ನಿಲ್ಲಿಸಿತ್ತು! ಆಕಾಶದಿಂದ ಇಳಿಸಿದ ಬಟ್ಟೆಯೇ ಕಡಲಿನಲ್ಲೂ ಅವನನ್ನು ಬಿಡಲಿಲ್ಲ. ಕೊನೆಗೆ ಮಾರ್ಗೇಟ್ ಊರಿನ ರಕ್ಷಣಾ ದೋಣಿಯವರು ಅವನನ್ನು ಎತ್ತಿಕೊಂಡರು. 1942ರಲ್ಲಿ ಈ ಅನುಭವವನ್ನು ಆತ ಗ್ರಂಥವಾಗಿ ಬರೆದು ಹೆಸರಾದ. 1943ರ ಜನವರಿಯಲ್ಲಿ ರಾತ್ರಿಯ ಹಾರಾಟದ ಅಭ್ಯಾಸದಲ್ಲಿ ವಿಮಾನ ಬಿದ್ದು ತೀರಿಕೊಂಡ. ಬದುಕಬಾರದೆಂದಾಗ ಬದುಕಿಸಿ, ಬದುಕಬೇಕೆಂದು ಹೊರಟಾಗ ಕರೆದುಕೊಂಡ ವಿಧಿಯ ಬಗ್ಗೆ ಹೇಳುವುದೇನಿದೆ?

ಇವರಿಬ್ಬರೂ ಎಚ್ಚರವಾಗಿದ್ದವರು. ಬದುಕಿ ಬಂದು ಬಾಯಿಬಿಟ್ಟು ಹೇಳಿದವರು. ಎಚ್ಚರ ತಪ್ಪಿ ಕಡಲಿಗೆ ಬಿದ್ದವರ ಕತೆಯನ್ನು ಹೇಳಲು ಯಾರು ಬರಬೇಕು? ತಲೆಗೆ ಪೆಟ್ಟು ಬಿದ್ದೋ, ರಕ್ತ ಹರಿದೋ, ಬಹಳ ಎತ್ತರದಲ್ಲಿ ಉಸಿರಾಡಲು ಪ್ರಾಣವಾಯು ಸಾಲದೆಯೋ ಅರಿವು ಕಳೆದುಕೊಂಡು ನೀರನ್ನು ಸೇರಿದವರ ಮೈಮೇಲೆಯೂ ಈ ಅಂಗಿ ಇರುತ್ತಿತ್ತು. ಅದು ಅವರನ್ನು ತೇಲಿಸುತ್ತಿತ್ತು, ನಿಜ. ಯಾವ ಭಂಗಿಯಲ್ಲಿ ತೇಲಿಸುತ್ತಿತ್ತೆಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ಹಿಡಿದು ಕೂತವನು ವಿಮಾನ ಹಾರಿಸುವವನಲ್ಲ, ಒಬ್ಬ ವೈದ್ಯ. ಎಡ್ಗರ್ ಪಾಸ್ಕ್ ಎಂದು ಹೆಸರು. 1912ರಲ್ಲಿ ಹುಟ್ಟಿದವನು, ಕೇಂಬ್ರಿಡ್ಜಿನಲ್ಲೂ ಲಂಡನ್ನಿನಲ್ಲೂ ಓದಿ, ಆಕ್ಸ್‌ಫರ್ಡಿನಲ್ಲಿ ರಾಬರ್ಟ್ ಮ್ಯಾಕಿಂಟಾಷ್ ಎಂಬ ಪ್ರಸಿದ್ಧ ಅರಿವಳಿಕೆ ಆಚಾರ್ಯರ ಕೈಕೆಳಗೆ ಕೆಲಸ ಮಾಡುತ್ತಿದ್ದ. ಯುದ್ಧ ಬಂದಾಗ ವಾಯುಪಡೆಯನ್ನು ಸೇರಿ ಫಾರ್ನ್‌ಬರೋ ಎಂಬಲ್ಲಿನ ಶರೀರಶಾಸ್ತ್ರ ಪ್ರಯೋಗಶಾಲೆಗೆ ಬಂದ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಜನರನ್ನು ಮಲಗಿಸಿ ಎಚ್ಚರ ತಪ್ಪಿಸುವುದು, ಎಚ್ಚರ ತಪ್ಪಿದವರ ಉಸಿರನ್ನು ಕಾಯುವುದು ಅವನ ಕಸುಬು. ಅರಿವಿಲ್ಲದ ದೇಹದ ಸ್ವಭಾವವನ್ನು ಬಲ್ಲವರಲ್ಲಿ ಅರಿವಳಿಕೆಯ ವೈದ್ಯನಿಗಿಂತ ಹೆಚ್ಚಿನವರು ಯಾರಿದ್ದಾರೆ?

ಅಂಗಿಗಳನ್ನು ಅದುವರೆಗೆ ಪರೀಕ್ಷಿಸದೆ ಬಿಟ್ಟಿದ್ದರೆಂದಲ್ಲ. ಸ್ವಯಂಸೇವಕರು ತೊಟ್ಟು, ಈಜುಕೊಳಕ್ಕೆ ಇಳಿದು, ಎಚ್ಚರ ತಪ್ಪಿದವರಂತೆ ನಟಿಸಿ ಮಲಗುತ್ತಿದ್ದರು. ನಟನೆ ಎಷ್ಟು ಚೆನ್ನಾಗಿದ್ದರೂ ನಟನೆಯೇ. ಮೂಗಿಗೆ ನೀರು ತಾಗಿದೊಡನೆ ಕತ್ತಿನ ಸ್ನಾಯು ತನಗೆ ತಾನೇ ಬಿಗಿದು ಮುಖವನ್ನು ಒಂದಿಷ್ಟು ತಿರುಗಿಸುತ್ತದೆ. ಕಾಲು ಗೊತ್ತಿಲ್ಲದಂತೆಯೇ ನೀರನ್ನು ಒದೆಯುತ್ತದೆ. ಬದುಕಬೇಕೆಂಬ ಆಸೆ ಮನಸ್ಸಿಗಿಂತ ಮೊದಲು ಮೈಗೆ ಬರುವಂಥದು. ಇತ್ತ ಮರದ ಗೊಂಬೆಯನ್ನು ತೇಲಿಬಿಟ್ಟರೆ ಅದು ಬಿಗಿಯಾಗಿರುತ್ತದೆ. ಅದಕ್ಕೆ ಸಡಿಲವಾದ ಕತ್ತಿಲ್ಲ, ಉಸಿರಿನೊಡನೆ ಏರಿಳಿಯುವ ಎದೆಯಿಲ್ಲ. ಬೇಕಾದದ್ದು ಜೀವವಿರುವ, ಅರಿವಿಲ್ಲದ, ಸಡಿಲಗೊಂಡ ಮನುಷ್ಯನ ಮೈ. ಅಂಥ ಮೈ ಎಲ್ಲಿ ಸಿಗಬೇಕು? ಪಾಸ್ಕ್ ತನ್ನದನ್ನೇ ಕೊಟ್ಟ.

ಪ್ರಯೋಗದ ವಿಧಾನವನ್ನು ಓದುವಾಗ ಇಂದಿಗೂ ಮೈ ಜುಮ್ಮೆನ್ನುತ್ತದೆ. ಮೊದಲು ಅವನಿಗೆ ಆಳವಾದ ಅರಿವಳಿಕೆ ಕೊಡುತ್ತಿದ್ದರು. ಬಾಯಿಯ ಮೂಲಕ ಒಂದು ರಬ್ಬರಿನ ಕೊಳವೆಯನ್ನು ಶ್ವಾಸನಾಳದೊಳಕ್ಕೆ ಇಳಿಸುತ್ತಿದ್ದರು. ಆ ಕೊಳವೆಯ ಕೆಳತುದಿಯ ಸುತ್ತ ಬಳೆಯಂಥ ಪುಟ್ಟ ಚೀಲವೊಂದಿತ್ತು. ಗಾಳಿ ತುಂಬಿದರೆ ಅದು ಉಬ್ಬಿ ಶ್ವಾಸನಾಳದ ಗೋಡೆಗೆ ಒತ್ತಿಕೊಂಡು ಕೂಡುತ್ತಿತ್ತು. ಬಾಯಿಗೆ ನುಗ್ಗಿದ ನೀರು ಅದನ್ನು ದಾಟಿ ಶ್ವಾಸಕೋಶಕ್ಕೆ ಇಳಿಯಬಾರದೆಂಬುದು ಏರ್ಪಾಡು. ಹೊರಗಿನ ದೊಡ್ಡ ಅಂಗಿಯ ಯೋಗ್ಯತೆಯನ್ನು ಅಳೆಯುವ ತನಕ ಮನುಷ್ಯನ ಪ್ರಾಣ ಒಳಗಿನ ಈ ಬೆರಳಷ್ಟಗಲದ ಗಾಳಿಚೀಲವನ್ನು ನಂಬಿಕೊಂಡಿರಬೇಕಾಗಿತ್ತು! ಉದ್ದನೆಯ ಕೊಳವೆಯೊಂದು, ಅದರೊಳಗೆ ಇನ್ನೊಂದು ಕೊಳವೆ. ಒಂದರಲ್ಲಿ ಅರಿವಳಿಕೆಯ ಆವಿ ಹೋಗಬೇಕು, ಇನ್ನೊಂದರಲ್ಲಿ ಬಿಟ್ಟ ಉಸಿರು ಬರಬೇಕು. ಕೊಳದ ಅಂಚಿನಲ್ಲಿ ಮ್ಯಾಕಿಂಟಾಷ್ ಮೊದಲಾದವರು ಆ ಕೊಳವೆಯನ್ನು ಹಿಡಿದು ನಿಂತಿರುತ್ತಿದ್ದರು. ಹೀಗೆ ಸಿದ್ಧಪಡಿಸಿದ ಪಾಸ್ಕನ ಮೈಗೆ ಅಂಗಿ ತೊಡಿಸಿ, ಮುಖ ಕೆಳಗಾಗಿ ನೀರಿಗೆ ಬಿಡುವುದು, ಏನಾಗುತ್ತದೆಂದು ನೋಡುವುದು, ಚಲನಚಿತ್ರ ತೆಗೆಯುವುದು. ಒಂದಾದ ಮೇಲೊಂದು ಅಂಗಿ, ಮತ್ತೆ ಮತ್ತೆ ಅರಿವಳಿಕೆ.

ಕಂಡದ್ದು ಗಾಬರಿ ಹುಟ್ಟಿಸುವಂಥದು. ಬಳಕೆಯಲ್ಲಿದ್ದ ಹಲವು ಅಂಗಿಗಳು ಅವನನ್ನು ಚೆನ್ನಾಗಿಯೇ ತೇಲಿಸಿದವು, ಆದರೆ ಮುಖ ನೀರಿನೊಳಗೇ ಉಳಿಯಿತು. ಅಂಗಾತ ಬಿದ್ದವನನ್ನು ಅಂಗಾತವಾಗಿ ಇರಿಸಬಲ್ಲ ಅಂಗಿಯೂ ಬೋರಲು ಬಿದ್ದವನನ್ನು ಹೊರಳಿಸಲಾರದು. ನಟಿಸಿದ ಸ್ವಯಂಸೇವಕರು ಉತ್ತಮವೆಂದು ಒಪ್ಪಿದ್ದ ಸಾಧನವೇ ನಿಜವಾದ ಮೂರ್ಛೆಯೆದುರು ಸೋತಿತು. ಅರಿವಿಲ್ಲದೆ ಕಡಲನ್ನು ಸೇರಿದ ಎಷ್ಟೋ ತರುಣರು ಅಂಗಿ ತೊಟ್ಟುಕೊಂಡೇ, ಅಂಗಿ ಉಬ್ಬಿಕೊಂಡೇ, ಒಂದು ಗೇಣು ನೀರಿನಲ್ಲಿ ಉಸಿರು ಕಳೆದುಕೊಂಡಿರಬೇಕೆಂಬ ಊಹೆಗೆ ಆ ಕೊಳದಲ್ಲಿ ಸಾಕ್ಷಿ ದೊರೆಯಿತು.

ಪಾಸ್ಕನ ಸಾಹಸ ಇಷ್ಟಕ್ಕೇ ನಿಲ್ಲಲಿಲ್ಲ. ಪ್ಯಾರಾಚೂಟಿನ ಪಟ್ಟಿಗಳಲ್ಲಿ ನೇತಾಡುತ್ತ, 35 ಸಾವಿರದಿಂದ 40 ಸಾವಿರ ಅಡಿಯ ಎತ್ತರದಲ್ಲಿ ದೊರೆಯುವಷ್ಟೇ ತೆಳುವಾದ ಉಸಿರನ್ನು ಸೇವಿಸಿ ಅರಿವು ಕಳೆದುಕೊಂಡು, ಅಷ್ಟೆತ್ತರದಿಂದ ಇಳಿಯುವವನಿಗೆ ದಾರಿಯಲ್ಲಿ ಏನಾಗುತ್ತದೆಂದು ತನ್ನ ಮೈಯಿಂದಲೇ ತೋರಿಸಿದ. ಮುಳುಗಿ ಉಸಿರು ನಿಂತವರಿಗೆ ಕೃತಕ ಉಸಿರಾಟ ಮಾಡಿಸುವ ಬೇರೆ ಬೇರೆ ಕ್ರಮಗಳಲ್ಲಿ ಯಾವುದು ಮೇಲೆಂದು ತಿಳಿಯಲು, ಅರಿವಳಿಕೆಯಿಂದ ತನ್ನ ಉಸಿರನ್ನೇ ನಿಲ್ಲಿಸಿಕೊಂಡು ಮಲಗಿದ. ಚಳಿ ತಡೆಯುವ ಉಡುಪುಗಳನ್ನು ತೊಟ್ಟು ಸ್ಕಾಟ್‌ಲೆಂಡಿನ ಉತ್ತರದ ಕೊರೆಯುವ ಕಡಲಿಗೆ ಧುಮುಕಿದ. ವಿಮಾನವನ್ನೇ ಹಾರಿಸದವರ ಪೈಕಿ ವಾಯುಪಡೆಯ ಅತ್ಯಂತ ಧೀರ ಎಂಬ ಬಿರುದು ಅವನಿಗೆ ಅಂಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಯುದ್ಧವಾದ ಮೇಲೆ ನ್ಯೂಕಾಸಲ್ ಊರಿನಲ್ಲಿ ಅರಿವಳಿಕೆಯ ಪ್ರಾಧ್ಯಾಪಕನಾಗಿ ಹುಡುಗರಿಗೆ ಪಾಠ ಹೇಳಿದ. ಅಂಗಿಗಳ ಪರೀಕ್ಷೆಯ ಕುರಿತ ಪ್ರಬಂಧವನ್ನು ಅವನೂ ಮ್ಯಾಕಿಂಟಾಷರೂ ಸೇರಿ 1957ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1966ರಲ್ಲಿ, ಐವತ್ಮೂರರ ವಯಸ್ಸಿನಲ್ಲಿ, ಆತ ಕಾಲವಾದ.

ತನ್ನ ಮೈಮೇಲೆ ತಾನೇ ಪ್ರಯೋಗ ಮಾಡಿಕೊಳ್ಳುವುದು ವಿವೇಕವೇ ಎಂದು ಕೇಳುವವರಿದ್ದಾರೆ. ಇಂದಿನ ನಿಯಮಗಳ ಪ್ರಕಾರ ಯಾವ ಸಮಿತಿಯೂ ಇದಕ್ಕೆ ಅನುಮತಿ ಕೊಡಲಾರದು, ಕೊಡದಿರುವುದೇ ಸರಿ. ಆದರೆ ಆ ಕಾಲದಲ್ಲಿ ಪಾಸ್ಕನ ಮುಂದಿದ್ದ ಆಯ್ಕೆ ಯಾವುದು? ಅಪಾಯವನ್ನು ತಾನು ಕೊಳದಲ್ಲಿ ಎದುರಿಸಬೇಕು, ಇಲ್ಲವೇ ಇನ್ನೊಬ್ಬನಿಗೆ ಗೊತ್ತಿಲ್ಲದಂತೆ ಕಡಲಿನಲ್ಲಿ ಎದುರಿಸಗೊಡಬೇಕು. ಪರೀಕ್ಷೆ ಹೇಗೂ ನಡೆಯುತ್ತಲೇ ಇತ್ತು, ನೋಡಿ ಬರೆದುಕೊಳ್ಳುವವರು ಮಾತ್ರ ಇರಲಿಲ್ಲ.

ಬೋರಲು ಬಿದ್ದವನನ್ನು ಅಂಗಾತ ಹೊರಳಿಸುವ ಉಪಾಯ ಅಡಿಗೆಮನೆಯ ಅನುಭವದಿಂದಲೇ ತಿಳಿಯುವಂಥದು. ಖಾಲಿ ಕೊಡದ ಬಾಯನ್ನು ಕೈಯಿಂದ ಮುಚ್ಚಿ ಹಂಡೆಯ ನೀರಿನಲ್ಲಿ ಅದುಮಿದರೆ ಅದು ನೆಟ್ಟಗೆ ಕೆಳಗಿರುತ್ತದೆಯೇ? ಅತ್ತಲೋ ಇತ್ತಲೋ ಜಾರಿ ಚಿಮ್ಮಿ ಮೇಲಕ್ಕೆ ಬರುತ್ತದೆ. ಗಾಳಿಯನ್ನು ಎದೆಯ ಮೇಲ್ಭಾಗದಲ್ಲಿ ಹೆಚ್ಚಾಗಿ ಇಟ್ಟರೆ, ಬೋರಲು ಬಿದ್ದಾಗ ಆ ಗಾಳಿ ದೇಹದ ಕೆಳಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ನಿಲ್ಲಲಾರದೆ ಪಕ್ಕಕ್ಕೆ ಜಾರಿ ಮೇಲೇಳಲು ಹವಣಿಸುತ್ತದೆ. ಜೊತೆಗೆ ಮೈಯನ್ನೂ ಹೊರಳಿಸುತ್ತದೆ. ಎರಡು ಪಕ್ಕವೂ ಸಮವಾಗಿ ತೂಗಿಕೊಂಡರೆ ಅದು ಅಲ್ಲೇ ತಟಸ್ಥವಾಗಿ ನಿಂತುಬಿಡುವುದುಂಟು. ಹಾಗಾಗಿ ಒಂದು ಪಕ್ಕಕ್ಕೆ ತುಸು ಹೆಚ್ಚು ಗಾಳಿ ಇರುವಂತೆ ಹೊಲಿದ ಅಂಗಿಗಳೂ ಬಂದವು. ಹೊರಳಿದ ಮೇಲೆ ತಲೆ ಹಿಂದಕ್ಕೆ ಜೋತುಬೀಳದಂತೆ ಕತ್ತಿನ ಹಿಂದೆ ದಿಂಬಿನಂಥ ಕಾಲರು ಬೇಕು. ನಾಲ್ಕೈದು ಕಿಲೋ ತೂಗುವ ತಲೆಯನ್ನು ಎತ್ತಿಹಿಡಿಯುವುದೇ ಮುಖ್ಯ. ಮಿಕ್ಕ ದೇಹ ನೀರಿನಲ್ಲಿ ಹೆಚ್ಚು ಭಾರವಾಗುವುದಿಲ್ಲ. ಮುಂದೆ ಹಡಗುಗಳ ರಕ್ಷಣಾ ಸಾಧನಗಳಿಗೆ ಅಂತರರಾಷ್ಟ್ರೀಯ ನಿಯಮಗಳನ್ನು ಬರೆದಾಗ, ಅರಿವಿಲ್ಲದೆ ಬೋರಲು ಬಿದ್ದವನ ಬಾಯಿ 5 ಸೆಕೆಂಡುಗಳೊಳಗೆ ನೀರಿನಿಂದ ಮೇಲೆ ಬರಬೇಕೆಂಬ ಷರತ್ತು ಸೇರಿತು.

ಬಾಯಿಂದ ಊದುವ ಕಷ್ಟವೂ ಯುದ್ಧದ ನಡುವೆಯೇ ಪರಿಹಾರವಾಯಿತು. 1941ರ ಮಾದರಿಯ ಅಂಗಿಯಲ್ಲಿ ಒಂದು ಚಿಕ್ಕ ಉಕ್ಕಿನ ಸಿಲಿಂಡರು ಬಂತು. ಗೋಲಿಸೋಡಾದಲ್ಲಿ ಬುಸ್ಸೆಂದು ಮೂಗಿಗೆ ಏರುತ್ತಿತ್ತಲ್ಲ, ಅದೇ ಇಂಗಾಲಾಮ್ಲ ವಾಯುವನ್ನು ಒತ್ತಿ ಒತ್ತಿ ತುಂಬಿದ ಸಿಲಿಂಡರು. ಕೀಲನ್ನು ಎಳೆದರೆ ಸಾಕು, ಕ್ಷಣಾರ್ಧದಲ್ಲಿ ಅಂಗಿ ಉಬ್ಬುತ್ತದೆ. ಇಂದಿನ ಅಂಗಿಗಳಲ್ಲಿ ಸಾಮಾನ್ಯವಾಗಿ 33 ಗ್ರಾಂ ವಾಯು ಇರುತ್ತದೆ. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಆ ಸಿಲಿಂಡರಿನಿಂದ ಹೊರಟದ್ದು ಹದಿನಾರು ಹದಿನೇಳು ಲೀಟರು, ಅಂದರೆ ಒಂದು ಕೊಡಪಾನದಷ್ಟು ಜಾಗವನ್ನು ತುಂಬಿ, 15 ಕಿಲೋಗೂ ಮಿಕ್ಕ ಭಾರವನ್ನು ಎತ್ತಿಹಿಡಿಯುತ್ತದೆ. ಸಿಲಿಂಡರು ಕೈಕೊಟ್ಟರೆ ಇರಲೆಂದು ಬಾಯಿಂದ ಊದುವ ನಳಿಗೆಯನ್ನು ಮಾತ್ರ ಇಂದಿಗೂ ತೆಗೆದುಹಾಕಿಲ್ಲ.

ಕ್ಷಣಾರ್ಧದಲ್ಲಿ ಉಬ್ಬುವ ಸೌಕರ್ಯ ಬಂದೊಡನೆ ಇನ್ನೊಂದು ತೊಡಕು ತಲೆಯೆತ್ತಿತು. ಯಾವಾಗ ಉಬ್ಬಿಸಬೇಕು? 1944ರ ಜೂನ್ 6ರ ನಸುಕಿನಲ್ಲಿ ನಾರ್ಮಂಡಿಯ ಮೇಲೆ ಧುಮುಕಿದ ಅಮೆರಿಕದ ಪ್ಯಾರಾಚೂಟು ಸೈನಿಕರ ಮೈಮೇಲೆಯೂ ಈ ಅಂಗಿಗಳಿದ್ದವು. ಆದರೆ ಪ್ಯಾರಾಚೂಟಿನ ಬಿಗಿಪಟ್ಟಿಗಳ ಒಳಗೆ. ಪಟ್ಟಿ ಬಿಚ್ಚುವ ಮೊದಲೇ ಉಬ್ಬಿಸಿದರೆ ಅಂಗಿಗೆ ಹೊರಕ್ಕೆ ಹಿಗ್ಗಲು ಎಡೆಯಿಲ್ಲದೆ ಪಕ್ಕೆಲುಬನ್ನೇ ಒತ್ತುತ್ತದೆ. ಜರ್ಮನರು ಮೆರ್ಡೆರೆ ಮತ್ತು ದೂವ್ ನದಿಗಳ ಬಯಲುಗಳಿಗೆ ನೀರು ಹರಿಸಿ ಕೆರೆ ಮಾಡಿಟ್ಟಿದ್ದರು. ಕತ್ತಲಲ್ಲಿ, ನಲವತ್ತು ಕಿಲೋಗೂ ಹೆಚ್ಚಿನ ಹೊರೆಯೊಡನೆ ಆ ನೀರಿಗೆ ಬಿದ್ದವನು ಮೊದಲು ಪಟ್ಟಿ ಬಿಚ್ಚಬೇಕು, ಆಮೇಲೆ ಕೀಲು ಎಳೆಯಬೇಕು. ಎರಡಕ್ಕೂ ಉಸಿರು ಸಾಲದೆ ಹಲವರು ಎದೆಮಟ್ಟದ ನೀರಿನಲ್ಲಿ ತೀರಿಹೋದರು. ಅದೇ ದಿನ ಕಡಲ ಕಡೆಯಿಂದ ಒಮಾಹಾ ತೀರಕ್ಕೆ ಇಳಿದ ಪದಾತಿಗಳಲ್ಲಿ ಕೆಲವರು ಗಾಳಿಯ ಪಟ್ಟಿಯನ್ನು ಕಂಕುಳಿಗೆ ಕಟ್ಟುವ ಬದಲು ಸೊಂಟಕ್ಕೆ ಕಟ್ಟಿಕೊಂಡಿದ್ದರು. ಬೆನ್ನ ಹೊರೆ ಮೇಲೆ, ಗಾಳಿ ಕೆಳಗೆ. ತಲೆ ನೀರಿಗೆ, ಕಾಲು ಆಕಾಶಕ್ಕೆ. ಒಂದು ಗೇಣಿನ ವ್ಯತ್ಯಾಸ!

ವಿಮಾನದಲ್ಲಿ ಪ್ರಯಾಣ ಮಾಡುವ ಕುಟುಂಬಗಳಿಗೂ ಇದು ದೂರದ ಮಾತಲ್ಲ. ಗಗನಸಖಿ ಆರಂಭದಲ್ಲಿ ಹಳದಿ ಅಂಗಿಯನ್ನು ತೊಟ್ಟು ತೋರಿಸಿ, ವಿಮಾನದಿಂದ ಹೊರಬೀಳುವ ತನಕ ಉಬ್ಬಿಸಬೇಡಿ ಎಂದು ಹೇಳುವಾಗ ಮುಕ್ಕಾಲು ಮಂದಿ ಮಗುವಿಗೆ ಬಿಸ್ಕತ್ತು ಹುಡುಕುತ್ತಿರುತ್ತಾರೆ. 1996ರ ನವೆಂಬರ್ 23ರಂದು ಅಪಹರಣಕ್ಕೊಳಗಾದ ಇಥಿಯೋಪಿಯದ ವಿಮಾನವೊಂದು ಇಂಧನ ತೀರಿ ಕೊಮೊರೋ ದ್ವೀಪಗಳ ಬಳಿ ಕಡಲಿಗೆ ಇಳಿಯಿತು. ಒಳಗಿದ್ದ 175 ಮಂದಿಯಲ್ಲಿ 125 ಮಂದಿ ಸತ್ತರು. ಸತ್ತವರಲ್ಲಿ ಅನೇಕರು ವಿಮಾನದೊಳಗಿರುವಾಗಲೇ ಅಂಗಿ ಉಬ್ಬಿಸಿಕೊಂಡಿದ್ದರು. ಒಳಗೆ ನೀರು ಏರಿದಂತೆ ಅಂಗಿ ಅವರನ್ನು ಚಾವಣಿಗೆ ಒತ್ತಿಹಿಡಿಯಿತು. ಮುಳುಗಿ, ಬಾಗಿಲನ್ನು ಹಾಯ್ದು ಹೊರಬರಲು ಬಿಡಲಿಲ್ಲ.

ಯುದ್ಧಗಳೇನೋ ಮುಗಿದವು. ಆಕಾಶದಿಂದ ತಾವಾಗಿಯೇ ಇಳಿಯುವವರ ಹೊಸ ಜಾತಿಯೊಂದು ಹುಟ್ಟಿತು. ಬೆಟ್ಟದ ತುದಿಯಿಂದ ಬಟ್ಟೆಯ ರೆಕ್ಕೆಯನ್ನು ಹರವಿಕೊಂಡು ಓಡಿ ಹಾರುವ ಪ್ಯಾರಾಗ್ಲೈಡಿಂಗ್ ಎಂಬ ಕ್ರೀಡೆ ಹಿಮಾಚಲದ ಬೀಡ್-ಬಿಲ್ಲಿಂಗಿನಲ್ಲೂ ನಡೆಯುತ್ತದೆ. ಮಧುಚಂದ್ರಕ್ಕೆ ಹೋದವರೂ ಹಾರಿ ಬಂದು ಚಿತ್ರಗಳನ್ನು ತೋರಿಸುತ್ತಾರೆ. ಆ ಚಿತ್ರಗಳಲ್ಲಿ ಹಾರುವವನ ಬೆನ್ನಿಗೂ ಆಸನಕ್ಕೂ ಅಂಟಿಕೊಂಡಂತೆ ದಪ್ಪನೆಯ ಗಂಟೊಂದು ಕಾಣುತ್ತದಲ್ಲ, ಅದು ಗಂಟುಮೂಟೆಯಲ್ಲ, ಬೆನ್ನುಮೂಳೆಯ ರಕ್ಷಣೆ. ಕೆಲವದರಲ್ಲಿ ಸ್ಪಂಜಿನ ದಪ್ಪ ಹಾಸು. ಕೆಲವದರಲ್ಲಿ ಬರಿಯ ಬಟ್ಟೆಯ ಚೀಲ. ಹಾರುವಾಗ ಎದುರು ಬೀಸುವ ಗಾಳಿ ಅದರ ಬಾಯಿಂದ ನುಗ್ಗಿ ತುಂಬಿಕೊಳ್ಳುತ್ತದೆ, ಒಳಗಿನ ನಾಲಗೆಯಂಥ ಬಟ್ಟೆ ಹೊರಹೋಗದಂತೆ ತಡೆಯುತ್ತದೆ. ನೆಲಕ್ಕೆ ಅಪ್ಪಳಿಸಿದಾಗ ಗಾಳಿ ನಿಧಾನವಾಗಿ ಹಿಂಡಿಕೊಂಡು ಹೊರಬಿದ್ದು ಪೆಟ್ಟನ್ನು ತಾನು ತಿನ್ನುತ್ತದೆ. ಸೊಗಸಾದ ಯುಕ್ತಿ. ಆದರೆ ಓಡಿ ಹಾರುವ ಮೊದಲ ಕ್ಷಣಗಳಲ್ಲಿ ಎದುರುಗಾಳಿ ಸಾಲದೆ ಚೀಲ ಬರಿದಾಗಿರುತ್ತದೆ. ಬೀಳುವವರು ಅಲ್ಲಿಯೇ ಬಹಳ ಬೀಳುತ್ತಾರೆ. ಅದಕ್ಕಾಗಿ ಚೀಲದೊಳಗೆ ಬಾಗುವ ತಂತಿಗಳನ್ನಿಟ್ಟು, ಗಾಳಿ ಬರುವ ಮೊದಲೇ ಅರ್ಧ ಉಬ್ಬಿಕೊಂಡಿರುವಂತೆ ಮಾಡುವುದುಂಟು.

ಈ ಕ್ರೀಡೆಯಲ್ಲಿ ಪಳಗಿದವರು ಒಂದು ಕಠಿಣ ಅಭ್ಯಾಸಕ್ಕಾಗಿ ಫ್ರಾನ್ಸಿನ ಅನ್ಸಿ ಸರೋವರಕ್ಕೋ ತುರ್ಕಿಯ ಓಲುಡೆನಿಜ್ ಕಡಲತೀರಕ್ಕೋ ಹೋಗುತ್ತಾರೆ. ನೀರಿನ ಮೇಲೆ ಎತ್ತರದಲ್ಲಿ ಬೇಕೆಂದೇ ರೆಕ್ಕೆಯನ್ನು ಮುದುಡಿಸಿ, ಬೀಳುತ್ತಾ ಚೇತರಿಸಿಕೊಳ್ಳುವ ಅಭ್ಯಾಸ. ಚೇತರಿಸಿಕೊಳ್ಳಲಾಗದಿದ್ದರೆ ನೀರು, ಕೆಳಗೆ ದೋಣಿ ಕಾಯುತ್ತಿರುತ್ತದೆ. ಇಲ್ಲಿ ಆ ಬೆನ್ನಿನ ಚೀಲ ತನ್ನ ಇನ್ನೊಂದು ಗುಣವನ್ನು ತೋರಿಸುತ್ತದೆ. ನೆಲದ ಮೇಲೆ ಬೆನ್ನುಮೂಳೆಯನ್ನು ಕಾಯುವ ಗಾಳಿಯೇ ನೀರಿನಲ್ಲಿ ಬೆನ್ನನ್ನು ಮೇಲಕ್ಕೆತ್ತಿ ಮುಖವನ್ನು ಕೆಳಗೆ ಒತ್ತುತ್ತದೆ. ಹಳ್ಳಿಯ ಬಾವಿಯ ಸೋರೆಬುರುಡೆಯೇ ನೈಲಾನಿನ ವೇಷದಲ್ಲಿ ಬಂದಂತಾಯಿತು! ಎದೆಯ ಮೇಲಿನ ಅಂಗಿ ಈಗ ಮನುಷ್ಯನ ಭಾರದೊಡನೆ ಮಾತ್ರವಲ್ಲ, ಅವನ ಬೆನ್ನಿನ ಗಾಳಿಯೊಡನೆಯೂ ಸೆಣಸಿ ಗೆಲ್ಲಬೇಕು.

ನೀರು ತಾಗಿದೊಡನೆ ತಾನಾಗಿ ಉಬ್ಬುವ ಅಂಗಿಗಳಿವೆ. ಒಳಗೊಂದು ಕರಗುವ ಬಿಲ್ಲೆ. ಅದು ನೆನೆದು ಕರಗಿದರೆ ಸ್ಪ್ರಿಂಗು ಚಿಮ್ಮಿ ಸಿಲಿಂಡರಿಗೆ ತೂತು ಕೊರೆಯುತ್ತದೆ. ಕೀಲು ಎಳೆದರೆ ಮಾತ್ರ ಉಬ್ಬುವ ಅಂಗಿಗಳೂ ಇವೆ. ಹಾರುವವರಲ್ಲಿ ಇವೆರಡರ ವಾದ ತೀರಿಲ್ಲ. ತಾನಾಗಿ ಉಬ್ಬಿದರೆ, ನೀರಿನ ಮೇಲೆ ಹರಡಿದ ರೆಕ್ಕೆಯ ಬಟ್ಟೆಯ ಕೆಳಗೆ ಸಿಕ್ಕಿದವನು ಮುಳುಗಿ ಪಕ್ಕಕ್ಕೆ ಸರಿದು ಹೊರಬರಲಾರ. ದಾರಗಳಿಗೆ ತೊಡರಿಕೊಳ್ಳುವ ಭಯವೂ ಉಂಟು. ಕೈಯಿಂದಲೇ ಎಳೆಯಬೇಕೆಂದರೆ, ನೀರಿಗೆ ಅಪ್ಪಳಿಸಿ ಮೂರ್ಛೆ ಹೋದವನ ಕೈ ಎಳೆಯುವುದೆಲ್ಲಿ? ಎರಡು ಪಕ್ಷಕ್ಕೂ ನ್ಯಾಯವಿದೆ. ಆದರೂ ಎಚ್ಚರವಿದ್ದವನಿಗೆ ಕೈಯಿದೆ, ಕೊಕ್ಕೆಯಿರುವ ಚಾಕುವಿದೆ, ದೋಣಿಯವರನ್ನು ಕೂಗಲು ಗಂಟಲಿದೆ, ಎಚ್ಚರವಿಲ್ಲದವನಿಗೆ ಅಂಗಿಯೊಂದೇ. ಕೊಳದಲ್ಲಿ ಬೋರಲು ತೇಲಿದ ಆ ವೈದ್ಯನನ್ನು ನೆನೆದರೆ ತಕ್ಕಡಿ ತಾನಾಗಿ ಉಬ್ಬುವ ಅಂಗಿಯ ಕಡೆಗೇ ತುಸು ವಾಲುತ್ತದೆ.

ಅಂಗಿಯಿಂದ ಬದುಕಿದವರದೇ ಒಂದು ಸಂಘವುಂಟು. ಪ್ಯಾರಾಚೂಟಿನಿಂದ ಪ್ರಾಣ ಉಳಿಸಿಕೊಂಡವರಿಗಾಗಿ ಲೆಸ್ಲಿ ಇರ್ವಿನ್ 1922ರಲ್ಲಿ ಆರಂಭಿಸಿದ ಕಂಬಳಿಹುಳುವಿನ ಸಂಘ ಮೊದಲೇ ಇತ್ತು. ಪ್ಯಾರಾಚೂಟಿನ ರೇಷ್ಮೆಯನ್ನು ನೂಲುವುದು ಹುಳುವಾದ್ದರಿಂದ ಆ ಹೆಸರು. ನೀರಿಗೆ ಬಿದ್ದವರದು ಬೇರೆಯೇ ಸಂಘವಾಗಲೆಂದು, ಕಡಲ ರಕ್ಷಣೆಯ ರಬ್ಬರು ಸಾಧನಗಳನ್ನು ತಯಾರಿಸುತ್ತಿದ್ದ ಪಿ. ಬಿ. ಕೌ ಕಂಪನಿಯ ಮುಖ್ಯ ನಕ್ಷೆಗಾರ ಚಾರ್ಲ್ಸ್ ರಾಬರ್ಟ್‌ಸನ್ 1942ರ ನವೆಂಬರಿನಲ್ಲಿ ಗೋಲ್ಡ್‌ಫಿಶ್ ಸಂಘವನ್ನು ತೆರೆದ. ಚಿನ್ನ ಎಂದರೆ ಜೀವದ ಬೆಲೆ, ಮೀನು ಎಂದರೆ ನೀರು. ಸದಸ್ಯತ್ವಕ್ಕೆ ಹಣ ಬೇಕಿಲ್ಲ. ವಿಮಾನದಿಂದ ನೀರಿಗೆ ಬಿದ್ದು, ಅಂಗಿಯಿಂದಲೋ ಗಾಳಿಯ ದೋಣಿಯಿಂದಲೋ ಬದುಕಿರಬೇಕು, ಅಷ್ಟೆ. ಯುದ್ಧ ಮುಗಿಯುವ ವೇಳೆಗೆ ಸುಮಾರು 9,000 ಮಂದಿ ಈ ದುಬಾರಿ ಅರ್ಹತೆಯನ್ನು ಗಳಿಸಿದ್ದರು. ಯುದ್ಧಕಾಲದ ಕೊರತೆಯಲ್ಲಿ ಬಿಲ್ಲೆ ಮಾಡಿಸಲು ಲೋಹವಿರಲಿಲ್ಲ. ಅಲೆಗಳ ಮೇಲೆ ಬಿಳಿಯ ರೆಕ್ಕೆಯ ಚಿನ್ನದ ಮೀನನ್ನು ಕಪ್ಪು ಬಟ್ಟೆಯ ಮೇಲೆ ಕಸೂತಿ ಹಾಕಿಸೋಣವೆಂದರೆ ಬಟ್ಟೆಗೂ ಬರ. ಸುದ್ದಿ ತಿಳಿದ ಜನ ಪೆಟ್ಟಿಗೆ ತೆರೆದು, ಔತಣಗಳಿಗೆ ತೊಡುವ ತಮ್ಮ ಹಳೆಯ ಕರಿಯ ಕೋಟುಗಳನ್ನು ಅಂಚೆಯಲ್ಲಿ ಕಳುಹಿಸಿದರು. ಆ ಕೋಟುಗಳನ್ನು ಕತ್ತರಿಸಿ ಬಿಲ್ಲೆಗಳನ್ನು ಮಾಡಿದರು. ಭಟರು ಅವನ್ನು ಎಡಜೇಬಿನ ಮುಚ್ಚಳದ ಕೆಳಗೆ ಕಾಣದಂತೆ ಹೊಲಿದುಕೊಂಡರು.

ಪಾಸ್ಕನಿಗೆ ಆ ಬಿಲ್ಲೆಯ ಅರ್ಹತೆ ಇರಲಿಲ್ಲ. ಆತ ಎಷ್ಟೋ ಸಲ ನೀರಿಗೆ ಬಿದ್ದಿದ್ದನೇನೋ ಸರಿ, ವಿಮಾನದಿಂದ ಬಿದ್ದಿರಲಿಲ್ಲ.